ನಾಟಿ ಗದ್ದೆಯನ್ನು ತುಳಿಯಬೇಡಿ

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಸಕ್ಕರೆ ಕಾಯಿಲೆಯವರ ಮಾಯದ ಹುಣ್ಣಿಗೆ ಸ್ಟೆಮ್ ಸೆಲ್ ಚಿಕಿತ್ಸೆ ಎಂಬ ವಿಷಯ ಕೊಟ್ಟು ನನ್ನನ್ನು ಕರೆದಿದ್ದಾರೆ. ನಾನು ಮೈಸೂರಿನಲ್ಲಿ ಶಸ್ತ್ರವೈದ್ಯ. ಇಪ್ಪತ್ತಾರು ವರ್ಷಗಳಿಂದ ಹೆಚ್ಚಾಗಿ ಪಾದಗಳನ್ನೇ ನೋಡುತ್ತಾ ಬಂದಿದ್ದೇನೆ. ನನ್ನಲ್ಲಿಗೆ ಬರುವವರಲ್ಲಿ ಮಂಡ್ಯ, ಪಾಂಡವಪುರ, ಮಳವಳ್ಳಿ, ನಂಜನಗೂಡಿನ ಕಡೆಯವರು ಬಹಳ. ಪಂಪ್‌ಸೆಟ್ ಮನೆಯ ಗೋಡೆಗೆ ರೇಡಿಯೊ ನೇತುಹಾಕಿ, ಬರಿಗಾಲಿನಲ್ಲಿ ಬದುವಿನ ಮೇಲೆ ಕುಳಿತು ಇದನ್ನು ಕೇಳುತ್ತಿರುವ ಒಬ್ಬ ಯಜಮಾನರು ನನ್ನ ಕಣ್ಣ ಮುಂದಿದ್ದಾರೆ. ಈ ಮಾತು ಅವರಿಗಾಗಿ. ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೂ ಇದನ್ನೇ ಹೇಳುತ್ತೇನೆ: ಅಂಗಾಲಿನಲ್ಲಿ ಹುಣ್ಣಿದ್ದರೆ ಅದರ ಮೇಲೆ ಕಾಲೂರಬೇಡಿ.

ಸ್ಟೆಮ್ ಸೆಲ್‌ಗೆ ಕನ್ನಡದಲ್ಲಿ ಆಕರಕೋಶ ಎನ್ನುತ್ತೇವೆ. ನಮ್ಮ ಮೈಯ ಬಹುಪಾಲು ಕೋಶಗಳು ಒಂದೊಂದು ಕಸುಬಿಗೆ ನಿಂತುಬಿಟ್ಟಿವೆ. ಚರ್ಮದ ಕೋಶಕ್ಕೆ ಚರ್ಮದ ಕೆಲಸ, ಸ್ನಾಯುವಿನ ಕೋಶಕ್ಕೆ ಸ್ನಾಯುವಿನ ಕೆಲಸ. ಆಕರಕೋಶ ಇನ್ನೂ ಕಸುಬು ಹಿಡಿಯದ ಕೋಶ. ತನ್ನಂಥವನ್ನೇ ಹುಟ್ಟಿಸಬಲ್ಲದು, ಬೇರೆ ಬಗೆಯ ಕೋಶವಾಗಿ ಬೆಳೆಯಲೂಬಲ್ಲದು. ಮೂಳೆಮಜ್ಜೆಯಲ್ಲಿ, ಕೊಬ್ಬಿನಲ್ಲಿ, ಕೂಸಿನ ಹೊಕ್ಕುಳಬಳ್ಳಿಯಲ್ಲಿ ಇವು ಸಿಗುತ್ತವೆ. ಅವನ್ನು ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ಹುಣ್ಣಿನ ಅಂಚಿಗೋ ಮೀನಖಂಡದ ಸ್ನಾಯುವಿಗೋ ಸೂಜಿಯಿಂದ ಕೊಡುತ್ತಾರೆ. ಅಲ್ಲಿ ಅವೇ ಹೊಸ ಚರ್ಮವಾಗಿ ಹಾಸಿಕೊಳ್ಳುತ್ತವೆ ಎಂದು ಅನೇಕರು ತಿಳಿದಿದ್ದಾರೆ. ಅವು ಮುಖ್ಯವಾಗಿ ಮಾಡುವುದು ಕರೆಯುವ ಕೆಲಸ. ಕೆಲವು ರಾಸಾಯನಿಕಗಳನ್ನು ಸ್ರವಿಸಿ ಹೊಸ ರಕ್ತನಾಳಗಳು ಚಿಗುರುವಂತೆ ಮಾಡುತ್ತವೆ, ತಿಂಗಳುಗಟ್ಟಲೆ ಕೆರಳಿ ನಿಂತ ಉರಿಯೂತವನ್ನು ತಣಿಸುತ್ತವೆ, ಸುತ್ತಲಿನ ಸೋತ ಕೋಶಗಳನ್ನು ಎಬ್ಬಿಸುತ್ತವೆ. ನಾಟಿಯ ದಿನ ಮನೆಮನೆಗೆ ಹೋಗಿ ಮುಯ್ಯಾಳುಗಳನ್ನು ಕೂಡಿಸುವವರಿರುತ್ತಾರಲ್ಲ, ಹಾಗೆ.

ಇದು ಸುಂದರವಾದ ವಿಜ್ಞಾನ. ಇದರ ಮೇಲೆ ನನಗೆ ತುಂಬಾ ಆಸೆ ಇದೆ. ನಮ್ಮ ಬೆಂಗಳೂರಿನದೇ ಆದ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಮೂಳೆಮಜ್ಜೆಯ ಕೋಶಗಳಿಂದ ತಯಾರಿಸಿದ ಔಷಧಕ್ಕೆ 2016ರಲ್ಲಿ ಕೇಂದ್ರ ಔಷಧ ನಿಯಂತ್ರಕರು ಸೀಮಿತ ಅನುಮತಿ ಕೊಟ್ಟರು. ಅದು ಬರ್ಜರ್ ಕಾಯಿಲೆಗೆ. ಬೀಡಿ, ಸಿಗರೇಟು ಸೇದುವವರ ಕಾಲಿನ ರಕ್ತನಾಳ ಮುಚ್ಚಿಕೊಂಡು ಬೆರಳು ಕಪ್ಪಾಗುತ್ತದಲ್ಲ, ಆ ಕಾಯಿಲೆ. ಸಕ್ಕರೆ ಕಾಯಿಲೆಯ ಸಾಮಾನ್ಯ ಹುಣ್ಣಿನ ವಿಷಯದಲ್ಲಿ ಆಕರಕೋಶ ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಹಾಗಾದರೆ ಪರೀಕ್ಷೆ ಮುಗಿಯುವವರೆಗೆ ನಿಮ್ಮ ಕಾಲು ಏನಾಗಬೇಕು? ನಾನು ಬಂದಿರುವುದು ಅದನ್ನು ಹೇಳುವುದಕ್ಕೆ.

ಕೆಲವು ವರ್ಷಗಳ ಹಿಂದೆ ನಾಲೆ ಬಯಲಿನ ಒಬ್ಬ ರೈತರು ಬಂದರು. ಐವತ್ತೆಂಟು ವರ್ಷ. ಎರಡು ಎಕರೆ ಕಬ್ಬು, ಒಂದು ಎಕರೆ ಭತ್ತ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿನ ಕಡೆ, ರೂಪಾಯಿ ನಾಣ್ಯದಷ್ಟು ಹುಣ್ಣು. ಸುತ್ತ ಆಣಿಯಂತೆ ದಪ್ಪಗಟ್ಟಿದ ಚರ್ಮ. ಹುಣ್ಣಾಗಿ ಹದಿನಾಲ್ಕು ತಿಂಗಳಾಗಿತ್ತು. ನೋವು ಹೇಗಿದೆ ಎಂದು ಕೇಳಿದೆ. "ನೋವೇ ಇಲ್ಲ ಡಾಕ್ಟರೇ, ಅದಕ್ಕೇ ಸುಮ್ಮನಿದ್ದೆ" ಎಂದರು. ಈ ಮಾತು ಕೇಳಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ. ನೋವಿದ್ದವರು ಕುಂಟುತ್ತಾರೆ, ಕುಂಟುವುದರಿಂದ ಹುಣ್ಣಿಗೆ ಬಿಡುವು ಸಿಗುತ್ತದೆ. ಸಕ್ಕರೆ ನರಗಳನ್ನು ತಿಂದ ಮೇಲೆ ನೋವು ಹೋಗುತ್ತದೆ, ಆಗ ಮನುಷ್ಯ ತನ್ನ ಹುಣ್ಣನ್ನೇ ತುಳಿದುಕೊಂಡು ಊರೆಲ್ಲ ಓಡಾಡುತ್ತಾನೆ.

ಅವರು ಅರಿಶಿನ ಹಚ್ಚಿದ್ದರು, ಕಾಫಿ ಪುಡಿ ತುಂಬಿದ್ದರು. ಆಮೇಲೆ ಯಾರೋ ಹೇಳಿದರೆಂದು ದೂರದ ಊರಿನ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದರು. ಅಲ್ಲಿ ಸ್ಟೆಮ್ ಸೆಲ್ ಎಂದು ಹೇಳಿ ಮೂರು ಸಲ ಚುಚ್ಚುಮದ್ದು ಕೊಟ್ಟಿದ್ದರು. ಅದಕ್ಕಾಗಿ ಕರೆಯುವ ಎರಡು ಹಸು ಮಾರಿದ್ದರು, ಹೆಂಡತಿಯ ಸರ ಒತ್ತೆ ಇಟ್ಟಿದ್ದರು. ಪ್ರತಿ ಸಲವೂ ಕೆಲವು ದಿನ ಹುಣ್ಣಿನ ತಳ ಕೆಂಪಾಗಿ, ಇನ್ನೇನು ತುಂಬಿಕೊಂಡಿತು ಎನ್ನುವಂತೆ ಕಂಡು, ಮತ್ತೆ ಬಾಯಿ ಬಿಡುತ್ತಿತ್ತು.

ಪಾದದ ಮೇಲ್ಭಾಗದ ನಾಡಿ ಮುಟ್ಟಿ ನೋಡಿದೆ. ಚೆನ್ನಾಗಿ ಬಡಿಯುತ್ತಿತ್ತು. ಅಂದರೆ ನಾಲೆಯಲ್ಲಿ ನೀರಿದೆ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿತ್ತು. ಸ್ಪರ್ಶ ಪರೀಕ್ಷಿಸಲು ನಮ್ಮಲ್ಲಿ ಒಂದು ನೈಲಾನ್ ಎಳೆ ಇದೆ, 10 ಗ್ರಾಂ ಭಾರ ಬಿದ್ದಾಗ ಬಾಗುವಂಥದ್ದು. ಕಣ್ಣು ಮುಚ್ಚಿಸಿ ಅದನ್ನು ಅಂಗಾಲಿಗೆ ಒತ್ತುತ್ತಾ ಹೋದೆ. ಹತ್ತು ಕಡೆ ಒತ್ತಿ ಮುಗಿಸಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ, "ಶುರು ಮಾಡಿ ಡಾಕ್ಟರೇ, ಕಾಯುತ್ತಿದ್ದೇನೆ" ಎಂದರು.

ಆಗ ಕೇಳಿದೆ: "ಚುಚ್ಚುಮದ್ದು ತೆಗೆದುಕೊಂಡ ದಿನ ಊರಿಗೆ ಹೇಗೆ ಹೋದಿರಿ?" ಬಸ್ಸಿನಲ್ಲಿ. "ಬಸ್ ನಿಲ್ದಾಣದಿಂದ ಮನೆಗೆ?" ನಡೆದುಕೊಂಡು. "ಮರುದಿನ?" ಗದ್ದೆಗೆ ನೀರು ಕಟ್ಟಬೇಕಿತ್ತು, ಹೋದೆ. ಕಾಲೂರಬೇಡಿ ಎಂದು ಯಾರೂ ಹೇಳಿರಲಿಲ್ಲವೇ ಎಂದೆ. ಯಾರೂ ಹೇಳಿರಲಿಲ್ಲ. ಹದಿನಾಲ್ಕು ತಿಂಗಳು, ಎರಡು ಹಸು, ಒಂದು ಸರ, ಇಷ್ಟೆಲ್ಲ ಕಳೆದರೂ ಆ ಒಂದು ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಅಷ್ಟು ಹೊತ್ತೂ ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದ ಅವರ ಹೆಂಡತಿ ಆಗ ಬಾಯಿ ಬಿಟ್ಟರು: "ಇವತ್ತು ನಾಟಿ ಹಾಕಿದ ಗದ್ದೆಗೆ ನಾಳೆ ಎಮ್ಮೆ ನುಗ್ಗಿಸಿದರೆ ಪೈರು ನಿಲ್ಲುತ್ತದೆಯೇ ಸ್ವಾಮಿ?"

ನಾನು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದೇನೆ. ಇದನ್ನು ಇಷ್ಟು ಚೆನ್ನಾಗಿ ಹೇಳಲು ನನಗೆ ಎಂದೂ ಬಂದಿರಲಿಲ್ಲ. ಆಕರಕೋಶ ಸಸಿಯಿದ್ದಂತೆ. ಹುಣ್ಣಿನ ತಳದಲ್ಲಿ ಹುಟ್ಟುವ ಹೊಸ ಮಾಂಸವೂ ಸಸಿಯೇ. ಮೈಯ ಭಾರವೆಲ್ಲ ಹೆಜ್ಜೆಹೆಜ್ಜೆಗೂ ಅದರ ಮೇಲೆ ಬೀಳುತ್ತಿದ್ದರೆ ಎಂಥ ತಳಿಯಾದರೂ ಬದುಕುವುದಿಲ್ಲ.

ಅವರ ಸತ್ತ ಚರ್ಮವನ್ನು ಕೆತ್ತಿ ತೆಗೆದು, ಮೊಣಕಾಲ ಕೆಳಗಿನಿಂದ ಬೆರಳುಗಳವರೆಗೆ ಪ್ಲಾಸ್ಟರ್ ಹಾಕಿದೆವು. ಮೂಳೆ ಮುರಿದವರಿಗೆ ಹಾಕುವುದಕ್ಕಿಂತ ಇದು ಬೇರೆ ತರಹ. ಪಾದಕ್ಕೂ ಕಾಲಿಗೂ ಎಲ್ಲ ಕಡೆ ಒಂದೇ ಸಮನೆ ಅಂಟಿಕೊಂಡಿರುತ್ತದೆ. ಹಾಗಾಗಿ ಭಾರ ಹುಣ್ಣಿನ ಮೇಲೆ ಬೀಳದೆ ಇಡೀ ಕಾಲಿಗೆ ಹಂಚಿಹೋಗುತ್ತದೆ. ವಾರಕ್ಕೊಮ್ಮೆ ಬಿಚ್ಚಿ ನೋಡಿ ಹೊಸದು ಹಾಕಬೇಕು. ಮೊದಲ ವಾರದಲ್ಲೇ ಹುಣ್ಣು ಕುಗ್ಗಿತ್ತು. ಎರಡನೆಯ ವಾರ ಬಂದಾಗ ಕಾಲಿನಲ್ಲಿ ಪ್ಲಾಸ್ಟರ್ ಇರಲಿಲ್ಲ! ಕಾರ್ಖಾನೆಯಿಂದ ಕಬ್ಬು ಕಟಾವಿಗೆ ಪರ್ಮಿಟ್ ಬಂದಿತ್ತಂತೆ, ಕುಡುಗೋಲಿನಿಂದ ಪ್ಲಾಸ್ಟರ್ ಕೊಯ್ದುಕೊಂಡು ಹೊಲಕ್ಕೆ ಇಳಿದಿದ್ದರು. ಹುಣ್ಣು ಮತ್ತೆ ಮೊದಲಿನಷ್ಟೇ ಆಗಿತ್ತು. ನಾನು ಅಂದು ದನಿ ಎತ್ತಿ ಮಾತನಾಡಿದೆ. ಒಣಗುತ್ತಿರುವ ಕಬ್ಬನ್ನು ನೋಡುತ್ತಾ ಮನೆಯಲ್ಲಿ ಕುಳಿತಿರುವುದು ರೈತನಿಗೆ ಎಂಥ ಸಂಕಟ ಎಂಬುದು ನನಗೂ ಗೊತ್ತು. ಅವರ ಹೆಂಡತಿ ಅಲ್ಲೇ ನಿಂತು ತಮ್ಮನಿಗೆ ಫೋನ್ ಮಾಡಿ, "ಉಳಿದ ಕಟಾವು ನೀನು ನೋಡಿಕೋ, ನಿಮ್ಮ ಭಾವ ಇನ್ನು ಎರಡು ತಿಂಗಳು ಹಟ್ಟಿ ದಾಟುವುದಿಲ್ಲ" ಎಂದರು. ಅಂದಿನಿಂದ ಒಂಬತ್ತನೆಯ ವಾರಕ್ಕೆ ಹುಣ್ಣು ಪೂರ್ತಿ ಮಾಯ್ದಿತ್ತು. ಎಲ್ಲ ಪ್ಲಾಸ್ಟರ್‌ಗಳ ಖರ್ಚು ಸೇರಿದರೂ ಒಂದು ಹಸುವಿನ ಬೆಲೆಯ ಹತ್ತಿರಕ್ಕೂ ಬರಲಿಲ್ಲ.

ಈ ಪ್ಲಾಸ್ಟರ್ ಹೊಸದೇನಲ್ಲ. ವೆಲ್ಲೂರಿನಲ್ಲಿ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರಿದ್ದರು. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳನ್ನು ಉಳಿಸಲು ಅವರು ಪ್ಲಾಸ್ಟರ್ ಬಳಸುತ್ತಿದ್ದರು. 1960ರ ದಶಕದಲ್ಲಿ ಅವರು ಅಮೆರಿಕಕ್ಕೆ ಹೋದ ಮೇಲೆ ಅದೇ ಉಪಾಯ ಅಲ್ಲಿನ ಸಕ್ಕರೆ ಕಾಯಿಲೆಯವರ ಕಾಲುಗಳನ್ನೂ ಉಳಿಸಿತು. ನಮ್ಮ ಪಕ್ಕದ ನಾಡಿನಲ್ಲಿ ಬಡವರ ಪಾದಗಳಿಂದ ಕಲಿತ ವಿದ್ಯೆ ಇದು. ನಮ್ಮ ಜನರಿಗೇ ಇದು ಸಿಗುತ್ತಿಲ್ಲ ಎಂಬುದು ನನ್ನ ಸಂಕಟ.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ಪ್ಲಾಸ್ಟರ್ ಹಾಕುವ ಮೊದಲು ವೈದ್ಯರು ಕಾಲಿನ ನಾಡಿ ನೋಡಲೇಬೇಕು, ಕೀವು ಇದೆಯೇ ಎಂದು ನೋಡಲೇಬೇಕು. ನಾಡಿ ಸಿಗದಿದ್ದರೆ ಮೊದಲು ರಕ್ತನಾಳ ತೆರೆಯಿಸುವ ಕೆಲಸ. ಸಕ್ಕರೆ ಹತೋಟಿಗೆ ಬರಬೇಕು ಎಂಬುದು ನಿಮಗೆ ಗೊತ್ತೇ ಇದೆ.

ಯಾರಾದರೂ ನಿಮ್ಮ ಹುಣ್ಣಿಗೆ ಸ್ಟೆಮ್ ಸೆಲ್ ಕೊಡುತ್ತೇವೆ ಎಂದರೆ ಎರಡೇ ಪ್ರಶ್ನೆ ಕೇಳಿ. ಈ ಪರೀಕ್ಷೆ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ, ಅಂದರೆ ಚಿಕಿತ್ಸಾ ಪರೀಕ್ಷೆಗಳ ಸರ್ಕಾರಿ ದಾಖಲೆಯಲ್ಲಿ, ನೋಂದಣಿಯಾಗಿದೆಯೇ, ಸಂಖ್ಯೆ ಎಷ್ಟು? ನನ್ನಿಂದ ಹಣ ಏಕೆ ಕೇಳುತ್ತೀರಿ? ನಮ್ಮ ದೇಶದಲ್ಲಿ 2009ರಿಂದ ಇಂಥ ಪರೀಕ್ಷೆಗಳ ನೋಂದಣಿ ಕಡ್ಡಾಯ. ಪರೀಕ್ಷೆಗೆ ಒಳಗಾಗುವವರಿಂದ ಆ ಚಿಕಿತ್ಸೆಗೆ ಹಣ ಪಡೆಯುವಂತಿಲ್ಲ. ಸರಿಯಾದ ಉತ್ತರ ಬಾರದಿದ್ದರೆ ಎದ್ದು ಬನ್ನಿ, ಹಸು ಮಾರಬೇಡಿ. ಸರಿಯಾದ ಉತ್ತರ ಬಂದರೆ ಧೈರ್ಯವಾಗಿ ಸೇರಿಕೊಳ್ಳಿ. ಆದರೆ ಆಗಲೂ ಹುಣ್ಣಿನ ಮೇಲೆ ಕಾಲೂರಬೇಡಿ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಈ ಕಾಯಿಲೆಯಿಂದ ಕಾಲು ಕಳೆದುಕೊಂಡ 100 ಜನರಲ್ಲಿ ಸುಮಾರು 85 ಜನರಿಗೆ ಮೊದಲು ಬಂದದ್ದು ಒಂದು ಹುಣ್ಣು. ಆದ್ದರಿಂದ ಇಂದು ರಾತ್ರಿ ಮಲಗುವ ಮುನ್ನ ದೀಪದ ಬೆಳಕಿನಲ್ಲಿ ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಇಲ್ಲವೇ ಮೊಮ್ಮಗಳನ್ನು ಕರೆದು ನೋಡಿಸಿ. ಬೆರಳ ಸಂದುಗಳನ್ನೂ ನೋಡಲಿ. ಆಣಿಯನ್ನು ಬ್ಲೇಡಿನಿಂದ ನೀವೇ ಕೊಯ್ಯಬೇಡಿ.

ಇನ್ನೊಂದು ಮಾತು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರು, ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಿನಲ್ಲಿ ನಡೆದವರು ಬೊಬ್ಬೆ ಎದ್ದ ಪಾದಗಳೊಂದಿಗೆ ನನ್ನಲ್ಲಿಗೆ ಬರುತ್ತಾರೆ. ಕಾದ ಕಲ್ಲು ಸುಟ್ಟದ್ದು ಅವರಿಗೆ ತಿಳಿದಿರುವುದೇ ಇಲ್ಲ. ನಿಮ್ಮ ಪಾದಕ್ಕೆ ಸ್ಪರ್ಶ ಇಲ್ಲವಾದರೆ ಈ ಸಲ ಬಸ್ಸಿನಲ್ಲಿ ಹೋಗಿ. ನಡೆದು ಬರುತ್ತೇನೆಂದು ಹರಕೆ ಹೊತ್ತಿದ್ದರೆ ನಿಮ್ಮ ಪರವಾಗಿ ಮಗ ನಡೆಯಲಿ. ಮಾದಪ್ಪ ಒಪ್ಪಿಕೊಳ್ಳುತ್ತಾನೆ. ನಮಸ್ಕಾರ.