ಎರಡು ಗೀಟು

ನಾನೀಗ ಲಂಡನ್ನಿನ ಹಾರ್ಲೆ ಸ್ಟ್ರೀಟ್‌ನಲ್ಲಿದ್ದೇನೆ. ಎದುರಿಗೆ 146ನೇ ನಂಬರ್. ಜನ ತಮ್ಮ ಪಾಡಿಗೆ ನಡೆದು ಹೋಗುತ್ತಿದ್ದಾರೆ. ನನಗೆ ಮಾತ್ರ ಇಲ್ಲಿಂದ ಕದಲಲು ಮನಸ್ಸೇ ಬರುತ್ತಿಲ್ಲ.

ನನಗೆ ಚಿಕ್ಕಂದಿನಿಂದ ಉಗ್ಗು ಇದೆ. ಸ್ಕೂಲಲ್ಲಿ ಹಾಜರಿ ಕೂಗುವಾಗ 'ಪ್ರೆಸೆಂಟ್' ಅನ್ನಲು ಬಾಯಿ ತೆರೆದರೆ 'ಪ' ತುಟಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೇ 'ಎಸ್ ಮಿಸ್' ಅನ್ನುತ್ತಿದ್ದೆ. ಉಗ್ಗು ಇರುವವರಿಗೆಲ್ಲ ಈ ಉಪಾಯ ಗೊತ್ತು, ಅಲ್ವಾ?

1925ರ ಅಕ್ಟೋಬರ್ 31. ಲಂಡನ್ನಿನ ವೆಂಬ್ಲಿಯಲ್ಲಿ ದೊಡ್ಡ ವಸ್ತುಪ್ರದರ್ಶನದ ಕೊನೆಯ ದಿನ. ಬ್ರಿಟನ್ ರಾಜನ ಎರಡನೇ ಮಗ, ನಾಚಿಕೆ ಸ್ವಭಾವದ ಆಲ್ಬರ್ಟ್, ಮೈಕ್ ಮುಂದೆ ನಿಂತರು. ಅವರಿಗೂ ಉಗ್ಗು. ಮಾತು ನಿಂತು ನಿಂತು ಬಂತು. ಆ ನಿಮಿಷಗಳು ಎಷ್ಟು ಉದ್ದ ಇರುತ್ತವೆ ಅಂತ ನನಗೆ ಗೊತ್ತು.

ಮುಂದಿನ ಅಕ್ಟೋಬರ್‌ನಲ್ಲಿ ಅವರು ಈ ಬಾಗಿಲಿಗೆ ಬಂದರು. ಒಳಗಿದ್ದವರು ಲಯನೆಲ್ ಲೋಗ್, ಆಸ್ಟ್ರೇಲಿಯಾದವರು. ಡಾಕ್ಟರ್ ಅಲ್ಲ. ಮೊದಲ ಮಹಾಯುದ್ಧದಿಂದ ಮಾತು ಕಳೆದುಕೊಂಡು ಬಂದ ಸೈನಿಕರಿಗೆ ಮಾತು ಕಲಿಸಿ ಅನುಭವ ಪಡೆದವರು. ಹೊಟ್ಟೆಯಿಂದ ಉಸಿರು ತೆಗೆದುಕೊಳ್ಳುವುದು, ತೆರೆದ ಕಿಟಕಿ ಮುಂದೆ ನಿಂತು ಸ್ವರ ಎಳೆಯುವುದು, ಇಂಥವೇ ಪಾಠ. ಹದಿನಾಲ್ಕು ತಿಂಗಳಲ್ಲಿ 82 ಸಲ ಇಬ್ಬರೂ ಕೂತರು! ನಡುವೆ, 1927ರ ಮೇನಲ್ಲಿ, ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಗಿನ ಹೊಸ ಸಂಸತ್ ಭವನದ ಉದ್ಘಾಟನೆಯಲ್ಲಿ ಆಲ್ಬರ್ಟ್ ಚೆನ್ನಾಗಿಯೇ ಮಾತಾಡಿದರು.

1936ರಲ್ಲಿ ಅಣ್ಣ ಪಟ್ಟ ಬಿಟ್ಟುಕೊಟ್ಟರು. ಬೇಡವೆಂದರೂ ಸಿಂಹಾಸನ ಇವರ ಪಾಲಿಗೆ ಬಂತು. ಆಲ್ಬರ್ಟ್ ಆರನೇ ಜಾರ್ಜ್ ಅನ್ನುವ ಹೆಸರಿನಲ್ಲಿ ದೊರೆಯಾದರು.

ನನಗೆ ತುಂಬಾ ಹತ್ತಿರವಾದದ್ದು ಅವರ ಭಾಷಣದ ಕಾಗದಗಳು. ನಾಲಿಗೆ ತಡವರಿಸುವ ಪದವನ್ನು ಲೋಗ್ ಬದಲಾಯಿಸುತ್ತಿದ್ದರು. ನನ್ನ 'ಎಸ್ ಮಿಸ್' ಥರಾನೇ! ಉಸಿರಿಗೆ ನಿಲ್ಲಬೇಕಾದ ಕಡೆ ಪದಗಳ ನಡುವೆ ಉದ್ದುದ್ದ ಗೀಟು. ನಿಲ್ಲುವುದನ್ನು ಮೊದಲೇ ಬರೆದಿಟ್ಟರೆ, ನಿಂತಾಗ ಭಯ ಆಗುವುದಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

1939ರ ಸೆಪ್ಟೆಂಬರ್ 3ರ ಸಂಜೆ, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದ ದಿನ, ದೊರೆ ರೇಡಿಯೋದಲ್ಲಿ ಮಾತಾಡಿದರು. ಲೋಗ್ ಜೊತೆಯಲ್ಲೇ ಇದ್ದರು. ಆ ರೆಕಾರ್ಡಿಂಗನ್ನು ಹೆಡ್‌ಫೋನ್ ಹಾಕಿ ಎಷ್ಟು ಸಲ ಕೇಳಿದ್ದೇನೋ. ಎರಡು ಮೂರು ಪದ, ಒಂದು ಬಿಡುವು. ಮತ್ತೆ ಎರಡು ಮೂರು ಪದ. ಉಗ್ಗು ಪೂರ್ತಿ ಹೋಗಿರಲಿಲ್ಲ. ಆದರೂ ಐದು ನಿಮಿಷಕ್ಕೂ ಜಾಸ್ತಿ ಮಾತಾಡಿ ಮುಗಿಸಿದರು.

ಈ ವಾಯ್ಸ್‌ಓವರ್ ಓದುತ್ತಿರುವ ಕಾಗದದ ಮೇಲೂ ಪೆನ್ಸಿಲ್ ಗೀಟುಗಳಿವೆ. 'ಪ್ರೆಸೆಂಟ್' ಅನ್ನುವ ಪದವನ್ನು ನಾನು ಬದಲಾಯಿಸಲಿಲ್ಲ. ಅದಕ್ಕೂ ಮೊದಲು ಎರಡು ಗೀಟು ಎಳೆದೆ.