ಡೈಮಂಡ್ ಬಂದಿಲ್ಲ, ಐಡಿ ಹೋಯ್ತು: ಗೇಮ್ ಸಪೋರ್ಟ್ ಕೆಲಸ ಹೀಗಿರುತ್ತದೆ

[ದೃಶ್ಯ: ರಾತ್ರಿ, ದಾವಣಗೆರೆಯ ವಿದ್ಯಾನಗರದ ಒಂದು ಮನೆ. ಎರಡು ಮಾನಿಟರ್, ಹೆಡ್‌ಸೆಟ್, ಪಕ್ಕದಲ್ಲಿ ಪೇಪರ್ ಮೇಲೆ ಮಂಡಕ್ಕಿ, ಮಿರ್ಚಿ.]

ನಮಸ್ಕಾರ. ನಾನು ಇಲ್ಲೇ ಮನೆಯಲ್ಲಿ ಕೂತು ಒಂದು ಆನ್‌ಲೈನ್ ಗೇಮ್‌ಗೆ ಕಸ್ಟಮರ್ ಸಪೋರ್ಟ್ ಕೆಲಸ ಮಾಡುತ್ತೇನೆ. ಊರಲ್ಲಿ ಎಲ್ಲರೂ ಕೇಳುವುದು ಒಂದೇ: "ಗೇಮ್ ಆಡೋಕೆ ಸಂಬಳ ಕೊಡ್ತಾರಾ?" ಆಡಲು ಪುರುಸೊತ್ತೇ ಇರುವುದಿಲ್ಲ. ಶಿಫ್ಟ್ ಪೂರ್ತಿ ಓದುವುದೇ ಕೆಲಸ.

ಆಟಗಾರರು ಹೆಲ್ಪ್ ಬಟನ್ ಒತ್ತಿ ಬರೆದದ್ದು ನಮಗೆ ಟಿಕೆಟ್ ಆಗಿ ಬರುತ್ತದೆ. ಭಾನುವಾರ ಮತ್ತು ಹೊಸ ಅಪ್‌ಡೇಟ್ ಬಂದ ದಿನ ಕ್ಯೂ ಕರಗುವುದೇ ಇಲ್ಲ.

"ಪಿಂಗ್ ಜಾಸ್ತಿ" ಎಂಬ ದೂರು ಬೇಗ ಮುಗಿಯುತ್ತದೆ. ಪಿಂಗ್ ಅಂದರೆ ಫೋನಿನಿಂದ ಸಂದೇಶ ಸರ್ವರ್‌ಗೆ ಹೋಗಿ ವಾಪಸ್ ಬರಲು ಹಿಡಿಯುವ ಸಮಯ. ಮುಂಬೈ ಸರ್ವರ್‌ಗೆ ಒಂದು ಲೆಕ್ಕ, ಸಿಂಗಾಪುರಕ್ಕೆ ಇನ್ನೊಂದು. ಅದೇ ವೈಫೈನಲ್ಲಿ ಅಣ್ಣ ಸಿನಿಮಾ ಡೌನ್‌ಲೋಡ್ ಹಾಕಿದ್ದರೂ ಏರುತ್ತದೆ.

ಬ್ಯಾನ್, ಅಂದರೆ ಚೀಟಿಂಗ್ ಮಾಡಿದವರ ಐಡಿ (ಗೇಮಿನ ಖಾತೆ) ಮುಚ್ಚುವ ವಿಷಯ, ಕಷ್ಟ. ಬ್ಯಾನ್ ತೆಗೆಯುವ ಅಧಿಕಾರ ನನ್ನ ಕೈಯಲ್ಲಿಲ್ಲ. ಮನವಿಯನ್ನು ಚೀಟಿಂಗ್ ಪತ್ತೆ ಮಾಡುವ ತಂಡಕ್ಕೆ ಕಳಿಸುತ್ತೇನೆ. "ಹೇಗೆ ಹಿಡಿದಿರಿ ಹೇಳಿ" ಅಂತಾರೆ ಆಟಗಾರರು. ಹೇಳುವಂತಿಲ್ಲ. ಹೇಳಿದರೆ ಹ್ಯಾಕ್ (ಚೀಟಿಂಗ್ ಮಾಡುವ ಸಾಫ್ಟ್‌ವೇರ್) ಮಾರುವವರು ಮರುದಿನವೇ ಅದನ್ನು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾರೆ.

[ದೃಶ್ಯ: "ಫ್ರೀ ಡೈಮಂಡ್" ಎಂದು ಬರೆದ ಲಿಂಕ್. ಒತ್ತಿದರೆ ಲಾಗಿನ್ ಪುಟದಂತೆಯೇ ಕಾಣುವ ನಕಲಿ ಪುಟ.]

ಡೈಮಂಡ್ ಅಂದರೆ ದುಡ್ಡು ಕೊಟ್ಟು ಕೊಳ್ಳುವ, ಗೇಮಿನೊಳಗಿನ ನಾಣ್ಯ. ಐಡಿ ಕಳೆದುಕೊಂಡ ಎಷ್ಟೋ ಮಕ್ಕಳ ಕಥೆ ಇಂಥ ಲಿಂಕಿನಿಂದಲೇ ಶುರು. ಪಾಸ್‌ವರ್ಡ್ ಹೊಡೆದರು, ಐಡಿ ಹೋಯಿತು. ಆಗ ನಾವು ಕೇಳುವುದು ಹಳೆಯ ಗುರುತುಗಳನ್ನು: ಗೇಮಿನ ಮೊದಲ ರೀಚಾರ್ಜ್‌ನ ರಸೀದಿ, ಆಗ ಇದ್ದ ಫೋನ್ ಯಾವುದು, ಐಡಿ ಮಾಡಿದ್ದು ಯಾವಾಗ. ಬೈದು ಬರೆದ ಹತ್ತು ಸಾಲಿಗಿಂತ ಪ್ಲೇಯರ್ ಐಡಿ ಮತ್ತು ರಸೀದಿಯ ಒಂದು ಫೋಟೋ ನನಗೆ ಸಾವಿರ ಪಾಲು ಉಪಯೋಗ. ವಂಚಕರು ಬ್ಯಾಂಕಿನಿಂದ ದುಡ್ಡನ್ನೂ ಎಗರಿಸಿದ್ದರೆ ನಮ್ಮ ಉತ್ತರಕ್ಕೆ ಕಾಯಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ದುಡ್ಡಿನ ಮಾತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ನಾನು ಹೇಳುತ್ತಿರುವುದು ಸ್ಕಿನ್ (ಆಟದ ಪಾತ್ರದ ವೇಷ), ಡೈಮಂಡ್ ಮಾರುವ ಗೇಮ್‌ಗಳ ಬಗ್ಗೆ.

ಒಂದು ರಾತ್ರಿ ಒಂದು ಟಿಕೆಟ್ ಮೂರು ಕೈ ದಾಟಿ ನನ್ನ ಹತ್ತಿರ ಬಂತು. ಬೇರೆ ಯಾರಿಗೂ ಓದಲು ಬಂದಿರಲಿಲ್ಲ. ಅನುವಾದ ಮಾಡುವ ಸಾಫ್ಟ್‌ವೇರ್ ಕೂಡ ಕೈಚೆಲ್ಲಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ ಕನ್ನಡ ಅದು: "ನನ್ ಮಗ ಗೊತ್ತಿಲ್ದೆ ದುಡ್ಡು ಹಾಕ್ಯಾನ್ರಿ. ಅವ್ರಪ್ಪಗೆ ಹೇಳಿಲ್ರಿ. ವಾಪಸ್ ಕೊಡ್ರಿ."

[ದೃಶ್ಯ: ಪರದೆಯ ಮೇಲೆ ಆ ಮೂರು ಸಾಲು, ಹೆಸರಿಲ್ಲದೆ.]

ಕೆಳಗೆ ಜಿಪಿಎ ಎಂದು ಶುರುವಾಗುವ ಐದು ಗೂಗಲ್ ಪ್ಲೇ ಆರ್ಡರ್ ನಂಬರ್. ಇಪ್ಪತ್ತು ನಿಮಿಷದಲ್ಲಿ ಐದು ಸಲ ಖರೀದಿ. ಅಮ್ಮನ ಫೋನ್, ಅಮ್ಮನ ಪಿನ್. ಇಲ್ಲಿ ಒಂದು ವಿಷಯ ಗೊತ್ತಿರಲಿ. ಗೂಗಲ್ ಪ್ಲೇ ಮೂಲಕ ಕಟ್ಟಿದ ದುಡ್ಡು ನನ್ನಂಥ ಏಜೆಂಟ್ ಕೈಯಲ್ಲಿ ಇರುವುದಿಲ್ಲ. ಡೈಮಂಡ್ ಬರದಿದ್ದರೆ ನಾನು ಹಾಕಿಸಬಹುದು. ದುಡ್ಡು ವಾಪಸ್ ಬೇಕಾದರೆ ಗೂಗಲ್ ಪ್ಲೇಯಲ್ಲೇ ಕೇಳಬೇಕು, ಅದೂ 48 ಗಂಟೆಯೊಳಗೆ ಕೇಳಿದರೆ ಒಳ್ಳೆಯದು. ಅವರು ಬರೆಯುವ ಹೊತ್ತಿಗೆ ಆಗಲೇ 30 ಗಂಟೆ ಆಗಿತ್ತು.

ನಮ್ಮಲ್ಲಿ ಸಿದ್ಧ ಉತ್ತರ ಇರುತ್ತದೆ. "ಪ್ರಿಯ ಆಟಗಾರರೇ" ಎಂದು ಶುರುವಾಗುವ ಇಂಗ್ಲಿಷ್ ಉತ್ತರ. ಆ ತಾಯಿ ಆಟಗಾರರಲ್ಲ, ಅಲ್ವಾ? ಅದನ್ನು ಅಳಿಸಿದೆ. ಅವರು ಬರೆದಂತೆಯೇ ಬರೆದೆ: "ಅಕ್ಕಾರೆ, ಇನ್ನೂ ಟೈಮ್ ಐತಿ. ಈಗ್ಲೇ ಹಾಕ್ರಿ." ಯಾವ ಬಟನ್ ಒತ್ತಬೇಕು, ಅದರ ನಂತರ ಯಾವುದು, ಒಂದೊಂದಾಗಿ ಬರೆದೆ. ಒಂದು ಟಿಕೆಟ್‌ಗೆ ಇಷ್ಟು ಹೊತ್ತೇಕೆ ಎಂದು ಟೀಮ್ ಲೀಡರ್ ಕೇಳಿದರು. ಇದ್ದದ್ದನ್ನು ಹೇಳಿದೆ. ಅಂಥ ಟಿಕೆಟ್ ಬಂದರೆ ಇನ್ನು ನೇರ ನನಗೇ ಕಳಿಸಿ ಎಂದೂ ಕೇಳಿಕೊಂಡೆ.

ನಾಲ್ಕು ದಿನಕ್ಕೆ ಐದೂ ಆರ್ಡರ್ ರೀಫಂಡ್ ಆಗಿದ್ದು ಪರದೆಯಲ್ಲಿ ಕಂಡಿತು. ರೀಫಂಡ್ ಆದರೆ ಡೈಮಂಡ್ ಕೂಡ ವಾಪಸ್ ಹೋಗುತ್ತದೆ, ಖರ್ಚಾಗಿದ್ದರೆ ಲೆಕ್ಕ ಮೈನಸ್‌ಗೆ ಇಳಿಯುತ್ತದೆ. ಅವತ್ತೇ ಸಂಜೆ ಅದೇ ಐಡಿಯಿಂದ ಇನ್ನೊಂದು ಟಿಕೆಟ್. ಈ ಸಲ ಬರೆದವನು ಮಗ: "ಅಣ್ಣಾ, ಡೈಮಂಡ್ ಮೈನಸ್ ತೋರ್ಸ್ತೈತಿ. ಯಾಕೆ?"

ಅವನಿಗೂ ಕನ್ನಡದಲ್ಲೇ ಬರೆದೆ. ಯಾಕೆ ಅಂತ.