ಶಾಕಂಭರಿಯೋ, ಸಾಕವ್ವನೋ?

ನಮಸ್ಕಾರ. ಇವತ್ತು ಒಂದೇ ಒಂದು ಹೆಸರಿನ ಬಗ್ಗೆ ಮಾತಾಡ್ತೀನಿ. ಶಾಕಂಭರಿ. ನಿಮ್ಮ ಓಣಿಯಲ್ಲಿ, ನಿಮ್ಮ ಮಕ್ಕಳ ಕ್ಲಾಸಿನಲ್ಲಿ ಈ ಹೆಸರಿನ ಹುಡುಗಿ ಯಾರಾದರೂ ಇದ್ದಾಳಾ? ಮೊನ್ನೆ ಮೊನ್ನೆಯವರೆಗೆ ನನಗೂ ಒಬ್ಬಳೂ ಗೊತ್ತಿರಲಿಲ್ಲ. ಈಗ ಒಬ್ಬಳಿದ್ದಾಳೆ. ಗುಳೇದಗುಡ್ಡದಲ್ಲಿ, ನನ್ನ ತಮ್ಮನ ಎರಡನೇ ಮಗಳು.

ಕೂಸು ಹುಟ್ಟಿದ್ದು ಶತಭಿಷಾ ನಕ್ಷತ್ರ, ಎರಡನೇ ಪಾದ. ಪಂಚಾಂಗ ನೋಡಿದವರು ‘ಸಾ’ ಅಕ್ಷರದಿಂದ ಹೆಸರಿಡಿ ಅಂದರು. ತಮ್ಮನ ಹೆಂಡತಿ ಮೊಬೈಲ್ ಹಿಡಿದು ಕೂತಳು. ಸಾನ್ವಿ, ಸಾಯಿಶಾ, ಸಾಧ್ವಿ, ಸಾರಾ. ನಾನೂ ಪಕ್ಕದಲ್ಲಿ ಕೂತು ನೋಡಿದೆ. ಒಂದೇ ಹೆಸರಿಗೆ ಒಂದು ಕಡೆ ಲಕ್ಷ್ಮಿ ಅಂತ ಅರ್ಥ, ಇನ್ನೊಂದು ಕಡೆ ಪಾರ್ವತಿ, ಮತ್ತೊಂದು ಕಡೆ ಬೆಳಕು. ಅರ್ಥ ಅನ್ನೋದು ಹಣೆಗೆ ಅಂಟಿಸುವ ಟಿಕಳಿ ಆಗಿಬಿಟ್ಟಿದೆ. ಯಾರ ಹಣೆಗಾದರೂ ನಡೀತದೆ.

ನಾನು ಸುಮ್ನೆ ಇರಲಾಗದೆ ಅಂದೆ: ಮನೆದೇವರು ಬನಶಂಕರಿ, ಗಂಟೆಯೊಳಗೆ ಹೋಗಿ ಮುಟ್ಟುವಷ್ಟು ಹತ್ತಿರ ಇದ್ದಾಳೆ. ಆಕೆಯದೇ ಇನ್ನೊಂದು ಹೆಸರು ಶಾಕಂಭರಿ. ಅದನ್ನೇ ಇಡಬಾರದಾ? ‘ಶಾ’ಗೂ ‘ಸಾ’ಗೂ ನಮ್ಮ ಮನೆಯಲ್ಲಿ ಯಾರೂ ಜಾಸ್ತಿ ಫರಕು ಮಾಡುವವರಲ್ಲ. ಇದೇ ಮುಂದೆ ಜಗಳಕ್ಕೆ ಕಾರಣ ಆಯಿತು, ಹೇಳ್ತೀನಿ.

ಮೊದಲು ಹೆಸರು ನೋಡೋಣ. ಶಾಕ ಅಂದರೆ ಕಾಯಿಪಲ್ಲೆ, ತಪ್ಪಲು, ಸೊಪ್ಪು. ಭರಿ ಅಂದರೆ ಹೊರುವವಳು, ಹೊಟ್ಟೆ ತುಂಬಿಸಿ ಪೊರೆಯುವವಳು. ಭರಣ ಅನ್ನೋ ಮಾತಿದೆಯಲ್ಲ, ಅದೇ ಬೇರು. ಸಂಸ್ಕೃತದಲ್ಲಿ ಇದು ಶಾಕಂಭರಿ. ನಮ್ಮ ಕಡೆ ಬೋರ್ಡಿನ ಮೇಲೆ, ಲಗ್ನಪತ್ರಿಕೆಯ ಮೇಲೆ ಮಾತ್ರ ಹೆಚ್ಚಾಗಿ ಕಾಣುವುದು ಶಾಕಾಂಬರಿ. ಅಂಬರ ಅಂದರೆ ಬಟ್ಟೆ, ಹಾಗಾಗಿ ಕಾಯಿಪಲ್ಲೆಯನ್ನೇ ಉಟ್ಟವಳು ಅಂತ ಆಗುತ್ತದೆ. ವ್ಯಾಕರಣದವರು ತಪ್ಪು ಅಂತಾರೆ. ಆದರೆ ದೇವಿಗೆ ತರಕಾರಿಯಲ್ಲೇ ಅಲಂಕಾರ ಮಾಡಿದ್ದನ್ನು ಕಣ್ಣಾರೆ ನೋಡಿದವರಿಗೆ ಬೇರೆ ಏನು ಹೊಳೆಯಬೇಕು? ನನಗಂತೂ ಈ ತಪ್ಪು ಇಷ್ಟ. ನೇಕಾರರ ಊರಿನವಳು ನಾನು, ಉಡುವ ಮಾತು ಬಂದರೆ ಕರಗಿಬಿಡ್ತೀನಿ.

ದೇವಿ ಮಾಹಾತ್ಮ್ಯದ 11ನೇ ಅಧ್ಯಾಯದಲ್ಲಿ ಈ ಹೆಸರು ಬರುತ್ತದೆ. ನೂರು ವರ್ಷ ಮಳೆ ಇಲ್ಲ. ದೇವಿ ನೂರು ಕಣ್ಣಿನಿಂದ ನೋಡುತ್ತಾಳೆ, ಅದಕ್ಕೆ ಶತಾಕ್ಷಿ. ಆಮೇಲೆ ತನ್ನ ಮೈಯಿಂದಲೇ ಸೊಪ್ಪು ಬೆಳೆಸಿ ಲೋಕವನ್ನು ಸಾಕುತ್ತಾಳೆ, ಅದಕ್ಕೆ ಶಾಕಂಭರಿ. ಅಲ್ಲೊಂದು ಸಣ್ಣ ಮಾತಿದೆ, ನನಗೆ ಅದೇ ಮುಖ್ಯ: ಮಳೆ ಬರುವವರೆಗೆ. ಚಿನ್ನದ ಮಳೆ ಸುರಿಸಲಿಲ್ಲ, ಮೃಷ್ಟಾನ್ನ ಬಡಿಸಲಿಲ್ಲ. ಮಳೆ ಬರುವವರೆಗೆ ಜೀವ ಹಿಡಿದುಕೊಳ್ಳಲಿಕ್ಕೆ ಒಂದಿಷ್ಟು ತಪ್ಪಲು ಕೊಟ್ಟಳು. 1791-92ರ ಡೋಗಿ ಬರ ಕಂಡ ಸೀಮೆ ಇದು. 1876ರಿಂದ 78ರವರೆಗಿನ ಬರವನ್ನೂ ಕಂಡಿದೆ. ಇಲ್ಲಿಯವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಹೆಸರು ನಮ್ಮದಷ್ಟೇ ಅಂತ ಅಂದುಕೊಳ್ಳಬೇಡಿ. ರಾಜಸ್ಥಾನದ ಸಾಂಭರ್ ಉಪ್ಪಿನ ಸರೋವರದ ಹತ್ತಿರವೂ ಶಾಕಂಭರಿ ಇದ್ದಾಳೆ. ಸಾಂಭರ್ ಅನ್ನೋ ಹೆಸರೇ ಆಕೆಯಿಂದ ಬಂತು ಅಂತಾರೆ. ಇಡ್ಲಿ ಜೊತೆಗಿನ ಸಾಂಬಾರ್ ಅಲ್ಲ ಮತ್ತೆ! ಉತ್ತರ ಪ್ರದೇಶದ ಸಹಾರನಪುರದ ಕಡೆಯೂ ಆಕೆಯ ದೊಡ್ಡ ಗುಡಿ ಇದೆ. ನಮ್ಮಲ್ಲಿ ಬಾದಾಮಿ ಪಕ್ಕದ ಚೊಳಚಗುಡ್ಡದಲ್ಲಿ ಆಕೆ ಬನಶಂಕರಿ, ಅಂದರೆ ಬನದ ಶಂಕರಿ. ಬನದ ಹುಣ್ಣಿಮೆಗೆ ತೇರು. ಅದಕ್ಕೂ ಮೊದಲು ಪಲ್ಲೇದ ಹಬ್ಬ, 108 ಥರದ ಕಾಯಿಪಲ್ಲೆಯ ನೈವೇದ್ಯ. ಗುಡಿ ಮುಂದಿನ ಹೊಂಡದಲ್ಲಿ ಬಾಳೆದಿಂಡಿನ ತೆಪ್ಪದ ಮೇಲೆ ಎಳೆಗೂಸುಗಳನ್ನು ಕೂಡಿಸಿ ತೇಲಿಸುತ್ತಾರೆ.

ಆದರೆ ಹೆಸರಿನ ಅರ್ಥ ನೋಡಬೇಕು ಅಂದರೆ ಗುಡಿಯ ಹೊರಗೆ ಬನ್ನಿ. ಗಿಡದ ನೆರಳಲ್ಲಿ ಸುತ್ತಲಿನ ಹಳ್ಳಿಯ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ, ಗಡಿಗೆಯಲ್ಲಿ ಗಟ್ಟಿ ಮೊಸರು. ಮುಂದೆ ಹೋಗಿ ಕೂತರೆ ಸಾಕು, “ಉಣ್ಣು ಯಕ್ಕಾ, ಇನ್ನೊಂದು ರೊಟ್ಟಿ ಹಾಕ್ಲಿ?” ಅಂತಾರೆ. ನೀವು ಕೈ ಅಡ್ಡ ಹಿಡಿದು ಏನಂತೀರಿ? ಸಾಕವ್ವ, ಸಾಕು.

ಈಗ ಜಗಳಕ್ಕೆ ಬರ್ತೀನಿ.

ಹೆಸರು ಶಾಕಂಭರಿ ಅಂತ ನಿಕ್ಕಿ ಆದ ದಿನ ನಮ್ಮ ಆಯಿ ಕೂಸನ್ನು ತೊಡೆ ಮೇಲೆ ಹಾಕಿಕೊಂಡು ಕರೆದೇಬಿಟ್ಟಳು: “ಯವ್ವಾ ಸಾಕವ್ವಾ!” ತಮ್ಮನ ಹೆಂಡತಿಯ ಮುಖ ಸಣ್ಣದಾಯಿತು. ಯಾಕೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಸಾಕವ್ವ ಅಂದರೆ ಹೆಣ್ಣು ಸಾಕು ಅಂತ ಇಡುತ್ತಿದ್ದ ಹೆಸರು. ಅದೂ ಎರಡನೇ ಹೆಣ್ಣು ಹುಟ್ಟಿದ ಮನೆಯಲ್ಲಿ!

ಆಕೆ ಬೇಜಾರಾಗಿದ್ದು ತಪ್ಪು ಅಂತ ನಾನು ಹೇಳಲ್ಲ. ನಮ್ಮ ಮನೆಯಲ್ಲೇ ಒಬ್ಬ ಸಾಕವ್ವ ಇದ್ದಳು, ಅಪ್ಪನ ಸೋದರತ್ತೆ. ಐದನೇ ಹೆಣ್ಣು. ಸಾಕವ್ವ ಅಂತ ಹೆಸರಿಟ್ಟರು, ಆದರೂ ಆರನೆಯದೂ ಹೆಣ್ಣೇ ಹುಟ್ಟಿತು. ಮಗ್ಗದ ಪಕ್ಕ ಕೂತು ಕಂಡಿಕೆ ಸುತ್ತುತ್ತಾ ಆಕೆಯೇ ಈ ಕಥೆ ಹೇಳಿ ನಗುತ್ತಿದ್ದಳು. ನಗುತ್ತಿದ್ದಳು, ನಿಜ. ಆದರೆ ತನ್ನ ಮೊಮ್ಮಕ್ಕಳಲ್ಲಿ ಯಾರಿಗೂ ಆ ಹೆಸರು ಇಡಲು ಬಿಡಲಿಲ್ಲ. ಇನ್ನೊಂದು ತಮಾಷೆ: ಆಕೆಯ ರೇಷನ್ ಕಾರ್ಡಿನಲ್ಲಿ ಯಾರೋ ಪುಣ್ಯಾತ್ಮರು ಹಳ್ಳಿಯವರ ಉಚ್ಚಾರ ತಿದ್ದುವ ಉಮೇದಿನಲ್ಲಿ ‘ಶಾಕವ್ವ’ ಅಂತ ಬರೆದಿದ್ದರು!

ಗಡಿಯಾಚೆಯೂ ಇದೇ ಕಥೆ. ಮರಾಠಿಯಲ್ಲಿ ನಕುಶಾ, ಅಂದರೆ ಬೇಡವಾದವಳು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಇಂಥ ಹೆಸರಿನ 285 ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು. ಒಳ್ಳೇದಾಯಿತು. ನಕುಶಾ ಅನ್ನುವುದಕ್ಕೆ ಬೇರೆ ಅರ್ಥ ಹುಡುಕಿದರೂ ಸಿಗಲ್ಲ.

ಆದರೆ ಸಾಕು ಹಾಗಲ್ಲ. ಬೇಕು ಅನ್ನುವುದು ಹಳಗನ್ನಡದ ಬೇಳ್ಕುಂ. ಹಾಗೇ ಸಾಕು ಅಂದರೆ ಸಾಲ್ಗುಂ, ಸಾಲುತ್ತದೆ ಅಂತ. ತಾಟಿನ ಮೇಲೆ ಕೈ ಅಡ್ಡ ಹಿಡಿದು ಸಾಕು ಅಂದವರು ಊಟ ಬೇಡ ಅಂತ ಹೇಳುತ್ತಿಲ್ಲ, ಹೊಟ್ಟೆ ತುಂಬಿತು ಅಂತ ಹೇಳುತ್ತಿದ್ದಾರೆ. ಇನ್ನೊಂದು ಸಾಕು ಇದೆ: ಮಕ್ಕಳನ್ನು ಸಾಕು, ದನ ಸಾಕು. ಸಂಸ್ಕೃತದ ಭರಿ ಮಾಡುವ ಕೆಲಸವನ್ನೇ ಕನ್ನಡದ ಈ ಸಾಕು ಮಾಡುತ್ತದೆ. ಮೂಲ ಬೇರೆ ಬೇರೆ, ಸಂಬಂಧ ಇಲ್ಲ, ನಾನೇನೂ ಕಟ್ಟುಕಥೆ ಹೇಳುತ್ತಿಲ್ಲ. ಬರೀ ಕಾಕತಾಳೀಯ. ಆದರೂ ಆಯಿ ಶಾಕಂಭರಿಯನ್ನು ಮೊಟಕು ಮಾಡಲು ಹೋಗಿ ಅದನ್ನು ಅನುವಾದ ಮಾಡಿಬಿಟ್ಟಿದ್ದಳು, ಅಲ್ವಾ? ಇದನ್ನು ತಮ್ಮನ ಹೆಂಡತಿಗೆ ಹೇಳಿದೆ. “ವೈನಿ, ಭಾಷಣ ಚಲೋ ಐತಿ, ಆದ್ರ ಓಣಿಯವರಿಗೆಲ್ಲಾ ಹೀಂಗ ಬಿಡಿಸಿ ಹೇಳ್ಕೋಂತ ಹೋಗ್ತೀರೇನು?” ಅಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಅಪರೂಪದ ಹೆಸರು ಹುಡುಕುವವರು ಅರ್ಥ ಹುಡುಕಿ ನಿಲ್ಲಬೇಡಿ. ಮನೆಯ ಹಿರಿಯರ ಬಾಯಿಗೆ ಹಾಕಿ ನೋಡಿ. ನಮ್ಮ ಸೀಮೆಯಲ್ಲಿ ಯಾವ ಹೆಸರಿಗಾದರೂ ಒಂದು ‘ಅವ್ವ’ ಬಂದು ಕೂಡುತ್ತದೆ. ಹಾಗೆ ಕೂಡಿದ ಮೇಲೆ ಉಳಿಯುವ ಹೆಸರೇ ಮಗು ದಿನಾ ಕೇಳುವ ಹೆಸರು. ಅಂಗಳದಲ್ಲಿ ನಿಂತು ಒಮ್ಮೆ ಕೂಗಿ.

ತೊಟ್ಟಿಲ ಕಾರ್ಯ ಆಯಿತು. ಸೋದರತ್ತೆ ಅಂತ ನಾನೇ ಬಗ್ಗಿ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳಿದೆ. ಶಾಕಂಭರಿ ಮುಗಿಯುವುದರೊಳಗೆ, ಪದ್ಧತಿಯಂತೆ, ಬೆನ್ನಿಗೆ ಮೂರು ಗುದ್ದು ಬಿದ್ದಿದ್ದವು. ಸಣ್ಣ ಹೆಸರಾಗಿದ್ದರೆ ಒಂದರಲ್ಲಿ ಮುಗಿಯುತ್ತಿತ್ತೇನೋ. ಎಲ್ಲರಿಗೂ ಗುಗ್ಗರಿ ಹಂಚಿದೆವು.

ಜನನ ನೋಂದಣಿ ಆದಾಗ ಹೆಸರು ಬರೆಸಿರಲಿಲ್ಲ. 12 ತಿಂಗಳೊಳಗೆ ದಂಡ ಇಲ್ಲದೆ ಸೇರಿಸಬಹುದು, ನೆನಪಿರಲಿ. ತಮ್ಮ ಹೋಗಿ ಅರ್ಜಿಯಲ್ಲಿ ಬಿಡಿಸಿ ಬಿಡಿಸಿ ‘ಶಾಕಂಭರಿ’ ಅಂತ ಬರೆದು ಕೊಟ್ಟ. ಸರ್ಟಿಫಿಕೇಟ್ ಬಂತು. ‘ಶಾಕಾಂಬರಿ’ ಅಂತಿದೆ. ತಿದ್ದಿಸಬೇಕಾ, ಇರಲಿ ಬಿಡಬೇಕಾ ಅಂತ ಮನೆಯಲ್ಲಿ ಇನ್ನೂ ಮಾತು ನಡೆದಿದೆ. ಆಯಿ ಮಾತ್ರ ಕೂಸಿಗೆ ಎಣ್ಣೆ ಹಚ್ಚುತ್ತಾ ತಲೆ ಎತ್ತದೆ ಅಂದಳು: “ಕಾಗದದಾಗ ಏನರೆ ಇರ್ಲಿ, ಈ ಸಾಕವ್ವಗ ಎರಿಯಾಕ ಬಿಸಿನೀರು ತರ್‍ರಿ ಮೊದಲ.”